ಮಾಜಿ ಅಧ್ಯಕ್ಷರನ್ನು ಕರೆಯುವ ಮುಂಚೆ

ಚಿ. ಪುಟ್ಟುವಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಉದ್ದದ ಮೆಸೇಜ್ ಓದಿದೆ. ವಾಟ್ಸಾಪಿನಲ್ಲೇ ಉತ್ತರ ಕೊಟ್ಟರೆ ನೀನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪುರುಸೊತ್ತಾಗಿ ಓದು.

ಪೆನ್ಸಿಲ್ವೇನಿಯಾದ ಶಾಸನಸಭೆಗೆ ನಿಂತಿರುವ ಆ ಹೆಣ್ಣುಮಗಳ ಪರವಾಗಿ ನೀನು ಮನೆಮನೆ ಸುತ್ತುತ್ತಿರುವುದು ಕೇಳಿ ಸಂತೋಷವಾಯಿತು. ಆದರೆ ಒಬಾಮಾ ಅವರನ್ನು ಹೇಗಾದರೂ ಕರೆಸಲೇಬೇಕು ಅಂತ ನೀವು ಹುಡುಗರು ಹಟ ಹಿಡಿದಿರುವುದು, ಅದಕ್ಕೆ ಒಪ್ಪದ ಹಿರಿಯ ಕಾರ್ಯಕರ್ತೆಯ ಮೇಲೆ ನೀನು ಸಿಟ್ಟಾಗಿರುವುದು ನನಗೆ ಸರಿ ಕಾಣಲಿಲ್ಲ. 'ಅವರು ಒಂದು ಗಂಟೆ ಬಂದು ಹೋದರೆ ಸಾಕು ದೊಡ್ಡಮ್ಮ, ಗೆದ್ದ ಹಾಗೇ' ಅಂತ ಬರೆದಿದ್ದೀಯ. ಹಾಗಲ್ಲ ಕಣೋ.

ಕಾಲೇಜಿನಲ್ಲಿ ಅಮೆರಿಕದ ಸಂವಿಧಾನ ಪಾಠ ಮಾಡಿದವಳು ನಾನು. ಆ ಚಟ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ನಮ್ಮಲ್ಲಿ ರಾಷ್ಟ್ರಪತಿ ಆಗಿದ್ದವರು ಮತ್ತೆ ಪಕ್ಷದ ವೇದಿಕೆ ಹತ್ತಿ ಓಟು ಕೇಳುವ ರೂಢಿ ಇಲ್ಲ. ನಿಮ್ಮಲ್ಲಿ ಅಧ್ಯಕ್ಷರು ಪಕ್ಷದ ಮನುಷ್ಯರು, ಇಳಿದ ಮೇಲೂ ಪಕ್ಷದವರೇ. 1951ರಲ್ಲಿ 22ನೇ ತಿದ್ದುಪಡಿ ಬಂದ ಮೇಲೆ ಎರಡು ಸಲಕ್ಕಿಂತ ಜಾಸ್ತಿ ಯಾರೂ ಆ ಹುದ್ದೆಗೆ ಗೆಲ್ಲುವ ಹಾಗಿಲ್ಲ. ಬಿಲ್ ಕ್ಲಿಂಟನ್ ಇಳಿದಾಗ 54 ವರ್ಷ, ಒಬಾಮಾ ಇಳಿದಾಗ 55. ಮಾತು ಬಲ್ಲವರು, ಜನ ಸೇರಿಸಬಲ್ಲವರು, ಕೈಯಲ್ಲಿ ಕೆಲಸ ಇಲ್ಲ. ಅಂಥವರನ್ನು ಪಕ್ಷ ಕರೆಯದೆ ಇರುತ್ತದೆಯೇ? ಕರೆಯುವುದು ತಪ್ಪಲ್ಲ. ಯಾವ ಕೆಲಸಕ್ಕೆ ಕರೆಯುತ್ತಿದ್ದೇವೆ ಅನ್ನುವುದು ಕರೆಯುವವರಿಗೆ ಗೊತ್ತಿರಬೇಕು.

2012ರ ಸೆಪ್ಟೆಂಬರ್ 5ರಂದು ಕ್ಲಿಂಟನ್ ಮಾಡಿದ ಭಾಷಣವನ್ನು ನೀನು ಒಮ್ಮೆ ಪೂರ್ತಿ ಕೇಳು. ನಾರ್ತ್ ಕೆರೊಲಿನಾದ ಶಾರ್ಲೆಟ್ ನಗರದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ. ಒಬಾಮಾ ಎರಡನೇ ಸಲ ನಿಂತಿದ್ದರು. ನಿರುದ್ಯೋಗ ಇನ್ನೂ ಶೇಕಡ 8ಕ್ಕಿಂತ ಮೇಲಿತ್ತು. 'ನಾಲ್ಕು ವರ್ಷ ಕೊಟ್ಟೆವು, ಏನು ಮಾಡಿದಿರಿ?' ಅಂತ ಜನ ಕೇಳುತ್ತಿದ್ದರು. ಆ ಪ್ರಶ್ನೆಗೆ ಒಬಾಮಾ ಅವರೇ ಉತ್ತರ ಕೊಟ್ಟರೆ ನೆಪ ಹೇಳಿದ ಹಾಗೆ ಆಗುತ್ತಿತ್ತು. ಕ್ಲಿಂಟನ್ ಬಂದು ಹೇಳಿದ್ದು ಇಷ್ಟು: ಇಷ್ಟೊಂದು ಹಾಳಾಗಿದ್ದ ಆರ್ಥಿಕತೆಯನ್ನು ನಾಲ್ಕೇ ವರ್ಷದಲ್ಲಿ ಪೂರ್ತಿ ಸರಿಮಾಡಲು ನನ್ನಿಂದಲೂ ಆಗುತ್ತಿರಲಿಲ್ಲ, ನನಗಿಂತ ಮುಂಚೆ ಇದ್ದ ಯಾರಿಂದಲೂ ಆಗುತ್ತಿರಲಿಲ್ಲ. ತಮ್ಮ ಕಾಲದಲ್ಲಿ ಬಜೆಟ್ಟಿನಲ್ಲಿ ದುಡ್ಡು ಮಿಗಿಸಿ ತೋರಿಸಿದ್ದ ಮನುಷ್ಯ ಈ ಮಾತು ಹೇಳಿದಾಗ ಅದಕ್ಕೆ ತೂಕ ಬಂತು. ಆ ಸಾಕ್ಷಿ ಹೇಳಲು ಆ ಪಕ್ಷದಲ್ಲಿ ಬೇರೆ ಯಾರಿಗೂ ಯೋಗ್ಯತೆ ಇರಲಿಲ್ಲ.

ಆಮೇಲೆ ಲೆಕ್ಕಕ್ಕೆ ಇಳಿದರು. 1961ರಿಂದ ಈಚೆಗೆ ರಿಪಬ್ಲಿಕನ್ನರು 28 ವರ್ಷ ಆಳಿದ್ದಾರೆ, ನಾವು 24 ವರ್ಷ. ಖಾಸಗಿ ವಲಯದಲ್ಲಿ ಹುಟ್ಟಿದ ಕೆಲಸ 6.6 ಕೋಟಿ. ಅದರಲ್ಲಿ ಅವರ ಕಾಲದ್ದು 2.4 ಕೋಟಿ, ನಮ್ಮ ಕಾಲದ್ದು 4.2 ಕೋಟಿ. ಇದನ್ನು ಹೇಳಿದ ರೀತಿ ನೋಡಬೇಕು ನೀನು. ಬೈಗುಳ ಇಲ್ಲ, ಕೂಗಾಟ ಇಲ್ಲ. ಎದುರು ಪಕ್ಷದ ಜತೆ ತಾವು ಸೇರಿ ಮಾಡಿದ ಕೆಲಸಗಳನ್ನೂ ನೆನೆದರು. ಸುಮಾರು 48 ನಿಮಿಷ ಮಾತಾಡಿದರು. ಬರೆದುಕೊಂಡು ಬಂದದ್ದಕ್ಕಿಂತ ಬಹಳ ಜಾಸ್ತಿ ಬಾಯಿಂದಲೇ ಸೇರಿಸಿದರು. ಎದುರಿಗೆ ಕೂತವರು ಪಕ್ಷದವರೇ ಆದರೂ ಅವರು ಮಾತಾಡಿದ್ದು ಮನೆಯಲ್ಲಿ ಟಿವಿ ಮುಂದೆ ಕೂತು ಇನ್ನೂ ತೀರ್ಮಾನ ಮಾಡದೆ ಇದ್ದವರ ಜತೆ. ಆಮೇಲೆ ಒಬಾಮಾ ಪ್ರಚಾರದಲ್ಲಿ ತಮಾಷೆ ಮಾಡುತ್ತಿದ್ದರು, ಇವರನ್ನು ವಿಷಯ ಬಿಡಿಸಿ ಹೇಳುವ ಖಾತೆಗೆ ಮಂತ್ರಿ ಮಾಡಬೇಕು ಅಂತ.

ಅಷ್ಟಕ್ಕೇ ಅವರು ಮನೆಗೆ ಹೋಗಲಿಲ್ಲ. ನವೆಂಬರ್ ಬರುವ ಹೊತ್ತಿಗೆ ಊರೂರು ತಿರುಗಿ ಗಂಟಲು ಬಿದ್ದುಹೋಗಿತ್ತು. ನನ್ನ ಅಧ್ಯಕ್ಷರ ಸೇವೆಗೆ ನನ್ನ ಧ್ವನಿಯನ್ನೇ ಕೊಟ್ಟಿದ್ದೇನೆ ಅಂತ ಆ ಒಡೆದ ದನಿಯಲ್ಲೇ ಹೇಳಿದರು. ಮತದಾನದ ಹಿಂದಿನ ದಿನ ಪೂರ್ತಿ ನಿನ್ನ ಪೆನ್ಸಿಲ್ವೇನಿಯಾದಲ್ಲೇ ಸಭೆ ಮಾಡುತ್ತಿದ್ದರು.

ಇಷ್ಟು ಓದಿ 'ನೋಡಿದೆಯಾ, ನಾನು ಹೇಳಿದ್ದೂ ಅದೇ' ಅಂತ ಕುಣಿಯಬೇಡ. ಇದೇ ಕ್ಲಿಂಟನ್ 2010ರಲ್ಲಿ ಪಕ್ಷಕ್ಕಾಗಿ ದೇಶವೆಲ್ಲ ಸುತ್ತಿದ್ದರು. ಆ ವರ್ಷ ಡೆಮಾಕ್ರಟರು ಕೆಳಮನೆಯಲ್ಲಿ 63 ಸ್ಥಾನ ಕಳಕೊಂಡರು. 2014ರಲ್ಲಿ ತಮ್ಮ ತವರು ರಾಜ್ಯ ಅರ್ಕನ್ಸಾಗೆ ಹೋಗಿ ಸೆನೆಟರ್ ಮಾರ್ಕ್ ಪ್ರಯರ್ ಪರವಾಗಿ, ಗವರ್ನರ್ ಹುದ್ದೆಗೆ ನಿಂತ ಮೈಕ್ ರಾಸ್ ಪರವಾಗಿ ಓಟು ಕೇಳಿದರು. ಇಬ್ಬರೂ ಸೋತರು. ಕ್ಲಿಂಟನ್ನರನ್ನೇ ಮತ್ತೆ ಮತ್ತೆ ಗವರ್ನರ್ ಮಾಡಿದ್ದ ಊರು ಅದು. ಜನ ಅವರನ್ನು ನೋಡಲು ಬಂದರು, ಚಪ್ಪಾಳೆ ತಟ್ಟಿದರು, ಹೋಗಿ ಬೇರೆಯವರಿಗೆ ಓಟು ಹಾಕಿದರು. ಮದುವೆ ಊಟ ಚೆನ್ನಾಗಿತ್ತು ಅಂತ ಹೊಗಳಿದವರೆಲ್ಲ ನಿಮ್ಮ ಮನೆಗೆ ಹೆಣ್ಣು ಕೊಡುತ್ತಾರೆಯೇ?

ಒಬಾಮಾ ಅವರ ಕಥೆಯೂ ಅಷ್ಟೇ. 2024ರ ಅಕ್ಟೋಬರ್ 10ರಂದು ಕಮಲಾ ಹ್ಯಾರಿಸ್ ಪರ ಪ್ರಚಾರಕ್ಕೆ ಪಿಟ್ಸ್‌ಬರ್ಗಿಗೆ ಬಂದಿದ್ದು ನಿನಗೇ ಗೊತ್ತು. ಸಭೆಗೆ ಮುಂಚೆ ಪ್ರಚಾರದ ಕಚೇರಿಗೆ ಹೋಗಿ, ಕಪ್ಪು ಜನಾಂಗದ ಗಂಡಸರಿಗೆ ಸ್ವಲ್ಪ ಖಾರವಾಗಿಯೇ ಬುದ್ಧಿ ಹೇಳಿದರು. ಹೆಣ್ಣುಮಗಳು ಅಧ್ಯಕ್ಷೆ ಆಗುವುದು ನಿಮಗೆ ಹಿಡಿಸುತ್ತಿಲ್ಲವೇನೋ ಅನ್ನುವ ಧಾಟಿ. ಕೇಳಿದವರಲ್ಲಿ ಕೆಲವರು ಮುನಿಸಿಕೊಂಡರು. ಕಮಲಾ ಹ್ಯಾರಿಸ್ ಪೆನ್ಸಿಲ್ವೇನಿಯಾ ಸೋತರು, ಜಿದ್ದಾಜಿದ್ದಿಯ ಏಳೂ ರಾಜ್ಯ ಸೋತರು. ಅದಕ್ಕೆ ಒಬಾಮಾ ಕಾರಣ ಅಂತ ನಾನು ಹೇಳುವುದಿಲ್ಲ, ಬೆಲೆ ಏರಿಕೆ ಅಷ್ಟು ಜೋರಾಗಿತ್ತು. ಆದರೆ ಹಿಂದೆ ನಮಗೆ ಓಟು ಕೊಟ್ಟವರನ್ನು ಗದರಿಸಿ ಮತ್ತೆ ಓಟು ತರಲು ಯಾವ ದೊಡ್ಡ ಮನುಷ್ಯನಿಂದಲೂ ಆಗುವುದಿಲ್ಲ. ನಿನಗೂ ಬಾಗಿಲು ತಟ್ಟುವಾಗ ಇದು ನೆನಪಿರಲಿ. ನೀನು ಬೇಗ ವಾದಕ್ಕೆ ಇಳಿಯುವವನು.

ನಿನ್ನ ರಾಜ್ಯದಲ್ಲೇ ಇದಕ್ಕೆ ತದ್ವಿರುದ್ಧದ ದಿನವೂ ಇದೆ. 2022ರ ನವೆಂಬರ್ 5, ಮತದಾನಕ್ಕೆ ಮೂರು ದಿನ ಇತ್ತು. ಒಬಾಮಾ ಪಿಟ್ಸ್‌ಬರ್ಗ್ ಮುಗಿಸಿ ಫಿಲಡೆಲ್ಫಿಯಾದಲ್ಲಿ ಬೈಡನ್ ಜತೆ ವೇದಿಕೆ ಹತ್ತಿದರು. ಅದೇ ದಿನ ಇನ್ನೊಬ್ಬ ಮಾಜಿ ಅಧ್ಯಕ್ಷ ಟ್ರಂಪ್, ಲಾಟ್ರೋಬ್‌ನಲ್ಲಿ ರಿಪಬ್ಲಿಕನ್ನರಾದ, ಸೆನೆಟ್ಟಿಗೆ ನಿಂತ ಮೆಹ್ಮೆತ್ ಓಝ್ ಮತ್ತು ಗವರ್ನರ್ ಹುದ್ದೆಗೆ ನಿಂತ ಡಗ್ ಮಾಸ್ಟ್ರಿಯಾನೊ ಪರವಾಗಿ ಸಭೆ ಮಾಡಿದರು. ಒಂದೇ ರಾಜ್ಯ, ಒಂದೇ ದಿನ, ಇಬ್ಬರು ಮಾಜಿಗಳು! ಗೆದ್ದವರು ಅವರೆದುರು ನಿಂತ ಡೆಮಾಕ್ರಟರು, ಸೆನೆಟ್ಟಿಗೆ ಫೆಟರ್‌ಮನ್, ಗವರ್ನರ್ ಹುದ್ದೆಗೆ ಶಪೀರೊ. ಒಬಾಮಾ ಬಂದದ್ದರಿಂದ ಗೆದ್ದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಶಪೀರೊ ಆ ರಾಜ್ಯದ ಅಟಾರ್ನಿ ಜನರಲ್ ಆಗಿ ಮನೆಮಾತಾಗಿದ್ದವರು. ಫೆಟರ್‌ಮನ್ ಪುಟ್ಟ ಊರೊಂದರ ಮೇಯರ್ ಆಗಿ ಮೇಲೆ ಬಂದವರು. ಇನ್ನು ಓಝ್ ನ್ಯೂಜೆರ್ಸಿಯಿಂದ ಬಂದವರು ಅನ್ನುವ ಮಾತು ಅವರನ್ನು ಕೊನೆವರೆಗೂ ಬಿಡಲಿಲ್ಲ. ಅಭ್ಯರ್ಥಿಗೆ ನೆಲದಲ್ಲಿ ಬೇರಿದ್ದರೆ ದೊಡ್ಡವರು ಬಂದು ಅದಕ್ಕೆ ಒಂದಿಷ್ಟು ನೀರು ಹಾಕಬಹುದು.

ಕೆಲವು ಸಲ ಮಾಜಿಗಳನ್ನು ಕರೆಯದಿರುವುದೇ ಜಾಣತನ. 2008ರ ರಿಪಬ್ಲಿಕನ್ ಅಧಿವೇಶನಕ್ಕೆ ಬುಷ್ ಬರಲಿಲ್ಲ, ವಿಡಿಯೋದಲ್ಲೇ ಮಾತಾಡಿದರು. ಚಂಡಮಾರುತ ಒಂದು ಕಾರಣ ಸಿಕ್ಕಿತು ಅನ್ನು. ಆಗಿನ್ನೂ ಹುದ್ದೆಯಲ್ಲಿದ್ದರೂ ಅವರ ಜತೆ ನಿಂತು ಫೋಟೋ ತೆಗೆಸಿಕೊಳ್ಳಲು ಯಾರಿಗೂ ಧೈರ್ಯ ಇರಲಿಲ್ಲ. 2012ರಲ್ಲಿ ತಮ್ಮ ಪಕ್ಷದಿಂದ ಒಬಾಮಾ ಎದುರು ನಿಂತ ರಾಮ್ನಿಗೆ ಬೆಂಬಲ ಹೇಳಿದ್ದು ಲಿಫ್ಟ್ ಬಾಗಿಲು ಮುಚ್ಚಿಕೊಳ್ಳುವಾಗ, ಒಂದೇ ಸಾಲು. 2016ರಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟಿದ್ದ ತಮ್ಮ ಜೆಬ್‌ಗಾಗಿ ಸೌತ್ ಕೆರೊಲಿನಾಗೆ ಬಂದು ಭಾಷಣ ಮಾಡಿದರು. ಒಂದು ವಾರ ಕಳೆಯುವುದರೊಳಗೆ ಜೆಬ್ ಸೋತು ಕಣದಿಂದಲೇ ಹಿಂದೆ ಸರಿದರು. ಅಣ್ಣನ ಮುಖ ನೋಡಿದರೆ ಜನಕ್ಕೆ ಇರಾಕ್ ಯುದ್ಧ ನೆನಪಾಗುತ್ತಿತ್ತು.

2000ದ ಕಥೆ ನಿಮ್ಮ ಪಕ್ಷದವರು ಇವತ್ತಿಗೂ ಜಗಳ ಆಡುವ ಕಥೆ. ಕ್ಲಿಂಟನ್ ಆಗ ಹುದ್ದೆಯಲ್ಲಿದ್ದರು, ಕೆಲಸದ ಬಗ್ಗೆ ಜನರಿಗೆ ಮೆಚ್ಚುಗೆ, ನಡತೆಯ ಬಗ್ಗೆ ಬೇಸರ. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಅವರ ಉಪಾಧ್ಯಕ್ಷ ಅಲ್ ಗೋರ್, ಕ್ಲಿಂಟನ್ ಅವರನ್ನು ಪ್ರಚಾರದಿಂದ ಆದಷ್ಟು ದೂರವೇ ಇಟ್ಟರು. ಫ್ಲೋರಿಡಾ 537 ಮತದಲ್ಲಿ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಅರ್ಕನ್ಸಾದ 6 ಎಲೆಕ್ಟೊರಲ್ ಮತ (ರಾಜ್ಯ ಗೆದ್ದವರಿಗೆ ಸಿಗುವ, ಅಧ್ಯಕ್ಷರನ್ನು ತೀರ್ಮಾನಿಸುವ ಮತ) ಸಿಕ್ಕಿದ್ದರೆ ಫ್ಲೋರಿಡಾ ಬೇಕಾಗಿಯೇ ಇರಲಿಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಗೋರ್ ಅವರ ಸ್ವಂತ ಟೆನೆಸಿಯೂ ಕೈಕೊಟ್ಟಿತು. ಕ್ಲಿಂಟನ್ ಅವರನ್ನು ದೇಶವೆಲ್ಲ ತಿರುಗಿಸಬೇಕಿತ್ತು ಅಂತ ನಾನು ಹೇಳಲಾರೆ. ಅರ್ಕನ್ಸಾಗಾದರೂ ಮೊದಲಿಂದ ಬಿಡಬೇಕಿತ್ತು. ಇದು ನನ್ನ ಅಭಿಪ್ರಾಯ, ನಿನ್ನ ದೊಡ್ಡಪ್ಪ ಒಪ್ಪುವುದಿಲ್ಲ.

ಇನ್ನೊಂದು ವಿಷಯ ನಿನ್ನಂಥ ಹುಡುಗರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡವರಿಗೂ ಅವರದೇ ಆಸೆ, ಅಸಮಾಧಾನ ಇರುತ್ತವೆ. 2008ರಲ್ಲಿ ಹೆಂಡತಿ ಹಿಲರಿ ಪರವಾಗಿ ಓಡಾಡುವಾಗ ಕ್ಲಿಂಟನ್ ಪಕ್ಷದೊಳಗೇ ಆಕೆಯ ಎದುರಾಳಿಯಾಗಿದ್ದ ಒಬಾಮಾ ಅವರ ಇರಾಕ್ ಯುದ್ಧವಿರೋಧದ ಮಾತನ್ನು ಕಟ್ಟುಕಥೆ ಅಂದರು. ಸೌತ್ ಕೆರೊಲಿನಾದಲ್ಲಿ ಒಬಾಮಾ ಗೆದ್ದ ದಿನ, ಕಪ್ಪು ಜನಾಂಗದ ಹಿಂದಿನ ನಾಯಕ ಜೆಸ್ಸಿ ಜಾಕ್ಸನ್ ಕೂಡ ಇಲ್ಲಿ ಗೆದ್ದಿದ್ದರು ಬಿಡಿ ಅನ್ನುವ ಹಾಗೆ ಮಾತಾಡಿದರು. ಅಷ್ಟು ವರ್ಷ ಅವರನ್ನು ತಮ್ಮವರೆಂದು ಹಚ್ಚಿಕೊಂಡಿದ್ದ ಕಪ್ಪು ಮತದಾರರಿಗೇ ನೋವಾಯಿತು. ಒಬಾಮಾ ಇದನ್ನು ಮರೆತಿರಲಿಕ್ಕಿಲ್ಲ. 2020ರಲ್ಲಿ ಎಂಟು ವರ್ಷ ಉಪಾಧ್ಯಕ್ಷರಾಗಿ ಜತೆಗಿದ್ದ ಬೈಡನ್ ಸ್ಪರ್ಧೆಯಲ್ಲಿದ್ದರೂ, ಪಕ್ಷದೊಳಗಿನ ಪೈಪೋಟಿ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಬೈಡನ್ ಎದುರಾಳಿ ಸ್ಯಾಂಡರ್ಸ್ ಹಿಂದೆ ಸರಿದ ಮೇಲೆ, ಏಪ್ರಿಲ್ 14ಕ್ಕೆ ಬೆಂಬಲ ಹೇಳಿದರು. ಸೋತವರ ಕಡೆಯವರೂ ಮುನಿಸಿಲ್ಲದೆ ಬರಲು ಆ ಮೌನ ಸಹಾಯ ಮಾಡಿತು. ಅವರ ಎಷ್ಟೋ ಭಾಷಣಗಳಿಗಿಂತ ನನಗೆ ಅದೇ ದೊಡ್ಡದು ಅನ್ನಿಸುತ್ತದೆ.

ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಕಥೆ ಹೇಳದೆ ನಾನು ಈ ಪಾಠ ಮುಗಿಸಿದವಳೇ ಅಲ್ಲ. ತಮ್ಮ ನಂತರ ತಾವೇ ಆರಿಸಿ ಅಧ್ಯಕ್ಷರಾಗಿ ಕೂರಿಸಿದ, ತಮ್ಮದೇ ಪಕ್ಷದ ಟ್ಯಾಫ್ಟ್ ಮೇಲೆ ಕೋಪ ಬಂದು, 1912ರಲ್ಲಿ ಹೊಸ ಪಕ್ಷ ಕಟ್ಟಿ ನಿಂತರು. ಮಿಲ್ವಾಕಿಯಲ್ಲಿ ಒಬ್ಬ ಎದೆಗೆ ಗುಂಡು ಹೊಡೆದ. ಜೇಬಿನಲ್ಲಿ ಮಡಚಿ ಇಟ್ಟಿದ್ದ 50 ಹಾಳೆಯ ಭಾಷಣ, ಕನ್ನಡಕದ ಡಬ್ಬಿ ಗುಂಡಿನ ವೇಗ ತಗ್ಗಿಸಿದವು. ಅಂಗಿಯಲ್ಲಿ ರಕ್ತ ಇದ್ದಂತೆಯೇ ಒಂದು ಗಂಟೆಗೂ ಹೆಚ್ಚು ಹೊತ್ತು ಮಾತಾಡಿದರು. ಎಂಥ ಗಂಡೆದೆ! ಫಲಿತಾಂಶ? ರೂಸ್ವೆಲ್ಟ್‌ಗೆ 88, ಟ್ಯಾಫ್ಟ್‌ಗೆ 8, ಎದುರು ಪಕ್ಷದ ವಿಲ್ಸನ್‌ಗೆ 435 ಎಲೆಕ್ಟೊರಲ್ ಮತ.

ಈಗ ನಿನ್ನ ವಿಷಯಕ್ಕೆ ಬರೋಣ. ನಿಮ್ಮ ರಾಜ್ಯದ ಕೆಳಮನೆಯಲ್ಲಿ 203 ಕ್ಷೇತ್ರ. ಒಂದೊಂದರಲ್ಲಿ ಸುಮಾರು 64 ಸಾವಿರ ಜನ. ಒಬಾಮಾ ಬಂದರೆ ಕ್ರೀಡಾಂಗಣ ತುಂಬುತ್ತದೆ, ಸರಿ. ತುಂಬಿದವರಲ್ಲಿ ನಿನ್ನ ಕ್ಷೇತ್ರದವರು ಎಷ್ಟು ಜನ? ಅವರಲ್ಲಿ ಇನ್ನೂ ತೀರ್ಮಾನ ಮಾಡದವರು ಎಷ್ಟು ಜನ? ಅವರ ಮುಖ ಕಂಡರೆ ಎದುರು ಪಕ್ಷದವರೂ ಮೈಕೊಡವಿ ಏಳುತ್ತಾರೆ, ಅದನ್ನೂ ಲೆಕ್ಕ ಹಾಕು. ಸದ್ಯಕ್ಕೆ ನಿಮ್ಮ ಚುನಾವಣೆ ಶಾಲೆಯ ತೆರಿಗೆ, ಬಸ್ಸು, ಆಸ್ಪತ್ರೆ ಮೇಲೆ ನಡೆಯುತ್ತಿದೆ ಅಂತ ನೀನೇ ಬರೆದಿದ್ದೀಯ. ಅವರು ಬಂದ ದಿನದಿಂದ ಅದು ವಾಷಿಂಗ್ಟನ್ ಜಗಳ ಆಗುತ್ತದೆ. ಆ ಹಿರಿಯ ಕಾರ್ಯಕರ್ತೆ ಹೆದರುತ್ತಿರುವುದು ಇದಕ್ಕೇ ಇರಬೇಕು. ಅವರಿಗೆ ಒಂದು ಫೋನ್ ಮಾಡಿ ಕಾರಣ ಕೇಳು. ಸಿಟ್ಟು ಆಮೇಲೆ ಮಾಡಿಕೊಳ್ಳಬಹುದು.

ಆದರೂ ಕೇಳಲೇಬೇಕು ಅನ್ನಿಸಿದರೆ ಚಿಕ್ಕದನ್ನು ಕೇಳಿ. ನಿಮ್ಮ ಅಭ್ಯರ್ಥಿಯ ಹೆಸರು ಹೇಳಿ, ಆಕೆ ಮಾಡಿದ ಒಂದು ಕೆಲಸ ಬಿಡಿಸಿ ಹೇಳುವ ಒಂದು ನಿಮಿಷದ ವಿಡಿಯೋ ಸಾಕು. ಅದನ್ನು ಹೋದ ಸಲ ಮನೆಯಲ್ಲೇ ಉಳಿದ ನಿಮ್ಮ ಪಕ್ಷದ ಮತದಾರರಿಗೆ ಮಾತ್ರ ಕಳಿಸಿ. ಅಕಸ್ಮಾತ್ ಹತ್ತಿರದ ಊರಿಗೆ ಅವರೇ ಬಂದರೆ, ಭಾಷಣ ಕೇಳುತ್ತಾ ನಿಲ್ಲಬೇಡ. ಬಾಗಿಲ ಹತ್ತಿರ ನಿಂತು ಒಳಗೆ ಬರುವವರ ಹೆಸರು, ಫೋನ್ ನಂಬರ್ ಬರೆಸಿಕೊ. ಶನಿವಾರ ನಿನ್ನ ಜತೆ ಮನೆಮನೆಗೆ ಬರುತ್ತೀರಾ ಅಂತ ಅಲ್ಲೇ ಕೇಳು. ಆ ಹುಮ್ಮಸ್ಸು ಮನೆಗೆ ಹೋಗಿ ಮಲಗಿದರೆ ಇಳಿದುಹೋಗುತ್ತದೆ.

ನಿಮ್ಮ ಅಭ್ಯರ್ಥಿ ಮಾತಾಡಿರುವ ವಿಡಿಯೋ ಇದ್ದರೆ ಕಳಿಸು, ಹೇಗೆ ಮಾತಾಡುತ್ತಾಳೆ ನೋಡುತ್ತೇನೆ. ಅಮ್ಮನಿಗೆ ವಾರಕ್ಕೊಂದು ಸಲವಾದರೂ ಫೋನ್ ಮಾಡು. ಅವಳು ನನ್ನ ಹತ್ತಿರ ದೂರು ಹೇಳಿದ್ದಾಳೆ.

ಇಂತಿ ನಿನ್ನ,
ದೊಡ್ಡಮ್ಮ
ಹಾಸನ