ಕಾರು ಬಿಡಿ ಎನ್ನುವ ಮುಂಚೆ ಆ ಕೊನೆಯ ಎರಡು ಕಿಲೋಮೀಟರ್ ನೋಡಿ

ಮಾನ್ಯ ಸಂಪಾದಕರೇ,

ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಕೇಳಿಬರುವ ಮಾತು ಒಂದೇ. ಕಾರು ಮನೆಯಲ್ಲಿ ಬಿಡಿ, ಮೆಟ್ರೋ ಹತ್ತಿ. ಮಾತು ಸರಿಯಾದದ್ದೇ. ಆದರೆ ದಿನಾ ಓಡಾಡುವವರ ಖರ್ಚನ್ನು ಕೂತು ಕೂಡಿ ನೋಡಿದರೆ ಇದು ಅಷ್ಟು ಸಲೀಸಲ್ಲ ಅಂತ ಗೊತ್ತಾಗುತ್ತದೆ.

ನಾನು, ನನ್ನ ಹೆಂಡತಿ ಇಬ್ಬರೂ ಬೆಂಗಳೂರಿನ ರಾಜರಾಜೇಶ್ವರಿನಗರದಿಂದ ವೈಟ್‌ಫೀಲ್ಡ್ ಕಡೆಗೆ ಕೆಲಸಕ್ಕೆ ಹೋಗುವವರು. ಹೋಗಿ ಬರಲು ಹತ್ತಿರ ಹತ್ತಿರ 60 ಕಿಲೋಮೀಟರ್. ಹೆದ್ದಾರಿಯಲ್ಲಿ ಲೀಟರಿಗೆ 17, 18 ಕೊಡುವ ಕಾರು ಬೆಳಗಿನ ಟ್ರಾಫಿಕ್‌ನಲ್ಲಿ ಎಸಿ ಹಾಕಿಕೊಂಡು ಫಸ್ಟ್ ಗೇರು, ಸೆಕೆಂಡ್ ಗೇರಲ್ಲಿ ತೆವಳುವಾಗ 12 ಕೊಟ್ಟರೆ ಹೆಚ್ಚು. ಅಂದರೆ ದಿನಕ್ಕೆ 5 ಲೀಟರ್. ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಂಡರೆ 515 ರೂಪಾಯಿ.

ಈಗ ಮೆಟ್ರೋ ನೋಡಿ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90ಕ್ಕೆ ಏರಿತು. ನಮ್ಮದು ನೇರಳೆ ಮಾರ್ಗದ ಹೆಚ್ಚೂಕಡಿಮೆ ಆ ತುದಿಯಿಂದ ಈ ತುದಿ, ಹಾಗಾಗಿ ಪೂರ್ತಿ 90. ಇಬ್ಬರಿಗೆ ಹೋಗಿ ಬರಲು 360. ಇಲ್ಲಿಗೆ ಮುಗಿದಿದ್ದರೆ ಯೋಚನೆಯೇ ಬೇಡ, ಕಾರಿನ ಕೀಲಿ ಮೊಳೆಗೆ ನೇತುಹಾಕಿಬಿಡಬಹುದಿತ್ತು. ಆದರೆ ಮನೆಯಿಂದ ಸ್ಟೇಷನ್‌ಗೆ ಒಂದು ಆಟೋ, ಅಲ್ಲಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿದು ಆಫೀಸಿಗೆ ಇನ್ನೊಂದು, ಸಂಜೆ ಮತ್ತೆ ಎರಡು. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ ಅಂತ ಮೀಟರ್ ದರ ನಿಗದಿಯಾಗಿದೆ. ಎಲ್ಲರೂ ಮೀಟರ್ ಹಾಕಿದರೂ ಒಟ್ಟು 504 ಆಯಿತು, ಪೆಟ್ರೋಲಿಗಿಂತ ಬರೀ 11 ರೂಪಾಯಿ ಕಡಿಮೆ. ಮೀಟರ್ ಹಾಕಲ್ಲ, 70 ಕೊಡಿ ಅಂದರೆ 640. ಪೆಟ್ರೋಲಿಗಿಂತ 125 ಜಾಸ್ತಿ! ಹಾಗಂತ ಆಟೋದವರನ್ನು ಮಾತ್ರ ದೂರಲು ನನಗೆ ಮನಸ್ಸಿಲ್ಲ. ಎರಡು ಕಿಲೋಮೀಟರ್ ಬಾಡಿಗೆಗೆ ಆ ಜಾಮ್‌ನಲ್ಲಿ ಅರ್ಧ ಗಂಟೆ ಕಳೆಯುವುದು ಅವರಿಗೂ ಗಿಟ್ಟಲ್ಲ.

ನಡೆದು ಹೋಗಬಾರದಾ ಅಂತ ಕೇಳಬಹುದು. ಎರಡು ಕಿಲೋಮೀಟರ್ ನಡೆಯುವುದು ದೊಡ್ಡ ವಿಷಯ ಅಲ್ಲ, ನಡೆಯಲು ದಾರಿ ಬೇಕಲ್ವಾ? ಫುಟ್‌ಪಾತಿನ ಚಪ್ಪಡಿ ಒಂದು ಇದ್ದರೆ ಮುಂದಿನದು ಇಲ್ಲ. ನಡುವೆ ಟ್ರಾನ್ಸ್‌ಫಾರ್ಮರ್, ಅದನ್ನು ಸುತ್ತಿಕೊಂಡು ರಸ್ತೆಗೆ ಇಳಿದರೆ ಬೆನ್ನ ಹಿಂದೆಯೇ ಬೈಕು, ಕತ್ತಲಾದ ಮೇಲೆ ಮಳೆ ಬಂದರೆ ಚರಂಡಿ ಎಲ್ಲಿದೆ ರಸ್ತೆ ಎಲ್ಲಿದೆ ಅಂತಲೂ ಕಾಣುವುದಿಲ್ಲ.

ಕಾರಿನ ಖರ್ಚು ಬರೀ ಪೆಟ್ರೋಲ್ ಅಲ್ಲ, ಇದನ್ನೂ ಒಪ್ಪುತ್ತೇನೆ. 10 ಲಕ್ಷದ ಕಾರಿಗೆ ಐದು ವರ್ಷ ಆದ ಮೇಲೆ ಅರ್ಧ ಬೆಲೆ ಸಿಕ್ಕರೆ ಪುಣ್ಯ. ಅದರ ಜೊತೆ ಇನ್ಶೂರೆನ್ಸ್, ಸರ್ವಿಸ್, ಟೈರು ಎಲ್ಲ ಸೇರಿಸಿದರೆ ಕಿಲೋಮೀಟರಿಗೆ ಹದಿನೆಂಟು ರೂಪಾಯಿ ಹತ್ತಿರ ಬೀಳುತ್ತದೆ, ಅಂದರೆ ನಮ್ಮ ದಿನದ ಓಡಾಟ ಸಾವಿರ ರೂಪಾಯಿ ದಾಟುತ್ತದೆ. ಆದರೆ ಇಎಂಐ, ಇನ್ಶೂರೆನ್ಸ್ ಎಲ್ಲ ಕಾರು ನಿಂತಲ್ಲೇ ನಿಂತಿದ್ದರೂ ಕಟ್ಟಲೇಬೇಕು. ಹಾಗಾಗಿ ಬೆಳಗ್ಗೆ ಹೊರಡುವಾಗ ಯಾರ ಕಣ್ಣ ಮುಂದೆಯೂ ಬರುವುದು ಬಂಕಿನ ಬಿಲ್ಲು ಮಾತ್ರ.

ಆ ಬಿಲ್ಲಿನಲ್ಲಿ ಸರ್ಕಾರದ ಪಾಲೂ ದೊಡ್ಡದೇ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ 3 ರೂಪಾಯಿ ಹೆಚ್ಚಾಯಿತು. ಕೇಂದ್ರದ ಅಬಕಾರಿ ಸುಂಕ ಇದಕ್ಕೆ ಬೇರೆ. ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಕಡಿಮೆ ಅಂತ ಆಗ ಸಮರ್ಥನೆ ಬಂತು. ಇರಬಹುದು, ಆದರೆ ಪಕ್ಕದ ರಾಜ್ಯದ ಬಂಕಿಗೆ ಹೋಗಿ ನಾವು ಪೆಟ್ರೋಲ್ ಹಾಕಿಸುವುದಿಲ್ಲವಲ್ಲ. ಡೀಸೆಲ್ ತೆರಿಗೆಯೂ ಅದೇ ಜೂನ್‌ನಲ್ಲಿ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಏರಿತು. ಇದರ ನಡುವೆ, 2025ರ ಜನವರಿಯಲ್ಲಿ, ಬಸ್ ದರ ಶೇ 15ರಷ್ಟು ಹೆಚ್ಚಾಯಿತು, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಡೀಸೆಲ್ ಖರ್ಚೂ ಒಂದು. ಬಸ್ಸಿಗೆ ಹಾಕುವ ಡೀಸೆಲಿನ ತೆರಿಗೆಯನ್ನೂ ಕೊನೆಗೆ ಟಿಕೆಟ್ ತೆಗೆದುಕೊಳ್ಳುವವರೇ ಕಟ್ಟಬೇಕಾದರೆ ಬಸ್ ಹತ್ತುವ ಮನಸ್ಸು ಯಾರಿಗೆ ಬರುತ್ತದೆ?

ತೆರಿಗೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಆ 3 ರೂಪಾಯಿಯಲ್ಲಿ ಬೆಂಗಳೂರಿನ ಬಂಕುಗಳಿಂದ ಬಂದದ್ದನ್ನು ಬೆಂಗಳೂರಿನ ಮೆಟ್ರೋ ಫೀಡರ್ ಬಸ್ಸುಗಳಿಗೆ, ಅಂದರೆ ಸ್ಟೇಷನ್‌ಗೂ ಸುತ್ತಲಿನ ಬಡಾವಣೆಗಳಿಗೂ ನಡುವೆ ಓಡುವ ಬಸ್ಸುಗಳಿಗೆ, ಎತ್ತಿಡಿ ಅನ್ನುವುದಷ್ಟೇ ಬೇಡಿಕೆ. ಫೀಡರ್ ಬಸ್ ಸಿಕ್ಕಿದ ದಿನ ನಮ್ಮ ಖರ್ಚು ನಾನೂರರ ಆಸುಪಾಸಿಗೆ ಇಳಿಯುತ್ತದೆ. ನನ್ನ ಹೆಂಡತಿಗಂತೂ ಶಕ್ತಿ ಯೋಜನೆಯಲ್ಲಿ ಆ ಬಸ್ಸು ಉಚಿತ. ಸಮಸ್ಯೆ ಏನೆಂದರೆ, ಬಸ್ ಯಾವಾಗ ಬರುತ್ತದೋ ಗೊತ್ತಿಲ್ಲ. ಹತ್ತು ನಿಮಿಷ ಕಾದು, ಇನ್ನೈದು ನಿಮಿಷ ನೋಡೋಣ ಅಂತ ನಿಂತು, ಕೊನೆಗೆ ಆಟೋ ಹತ್ತುವವರನ್ನು ಸ್ಟೇಷನ್ ಕೆಳಗೆ ದಿನಾ ನೋಡುತ್ತೇನೆ.

ಬೆಳಗ್ಗೆ 8ರಿಂದ 11, ಸಂಜೆ 5ರಿಂದ 9. ಈ ಹೊತ್ತಿನಲ್ಲಿ ದೊಡ್ಡ ಸ್ಟೇಷನ್‌ಗಳಿಂದ ಹತ್ತು ನಿಮಿಷಕ್ಕೊಂದು ಸಣ್ಣ ಬಸ್ ಬಿಡಲಿ, ವೇಳಾಪಟ್ಟಿಯನ್ನು ಸ್ಟೇಷನ್ ಬಾಗಿಲಲ್ಲೇ ಅಂಟಿಸಲಿ. ಸಾರಿಗೆ ಸಚಿವರು ಮತ್ತು ಬಿಎಂಟಿಸಿ ಅಧಿಕಾರಿಗಳು ನಿಮ್ಮ ಪತ್ರಿಕೆಯ ಮೂಲಕ ಇದಕ್ಕೆ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ರಾಜರಾಜೇಶ್ವರಿನಗರದ ಒಬ್ಬ ಓದುಗ