ಮಾರ್ಚ್ 6ರ ಪ್ರಾರ್ಥನೆಗೆ ಜೊತೆಯಾದ ಎಲ್ಲರಿಗೂ

ಮಾರ್ಚ್ 6ರ ಸಂಜೆ ನಮ್ಮ ಕ್ರೈಸ್ತ ಸಭೆಯಲ್ಲಿ ವಿಶ್ವ ಪ್ರಾರ್ಥನಾ ದಿನ ಚೆನ್ನಾಗಿ ನಡೆಯಿತು. ಮಂಗಳೂರಿನ ಈ ಭಾಗದ ಸಭೆಗಳನ್ನೆಲ್ಲ ಕರೆದು ನಡೆಸುವ ಸರದಿ ಈ ಸಲ ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟದ್ದಾಗಿತ್ತು. ಇಷ್ಟು ದೊಡ್ಡ ಕೆಲಸವನ್ನು ನಾವು ಹಿಂದೆ ಮಾಡಿದವರಲ್ಲ. ಕಾರ್ಯದರ್ಶಿಯಾಗಿ ವಂದನೆ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಸಿಕ್ಕ ಸಮಯದಲ್ಲಿ ಅರ್ಧ ಮೈಕ್ ಸರಿ ಮಾಡುವುದರಲ್ಲೇ ಹೋಯಿತು. ಹಾಗಾಗಿ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಈ ದಿನದ ಬಗ್ಗೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಶುಕ್ರವಾರ ನೂರಕ್ಕೂ ಹೆಚ್ಚು ದೇಶಗಳಲ್ಲಿ ಒಂದೇ ಪ್ರಾರ್ಥನೆ ನಡೆಯುತ್ತದೆ. ಅದನ್ನು ಬರೆಯುವವರು ಯಾವುದಾದರೂ ಒಂದು ದೇಶದ ಹೆಂಗಸರು. 2024ರಲ್ಲಿ ಪ್ಯಾಲೆಸ್ಟೀನಿನವರು ಬರೆದಿದ್ದರು, ಹೋದ ವರ್ಷ ಕುಕ್ ದ್ವೀಪಗಳವರು, ಈ ವರ್ಷ ನೈಜೀರಿಯಾದವರು. ವಿಷಯ ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯದ್ದು: ಹೊರೆ ಹೊತ್ತವರೇ ಬನ್ನಿ, ನಿಮಗೆ ವಿಶ್ರಾಂತಿ ಕೊಡುತ್ತೇನೆ.

ತಯಾರಿ ಶುರುವಾದಾಗ ನಮ್ಮ ಸಭಾ ಹಿರಿಯರೊಬ್ಬರು ನೇರವಾಗಿ ಕೇಳಿದರು. "ನಮ್ಮ ಹಾಲ್‌ನ ಮಾಡು ಸೋರುತ್ತಿದೆ. ನೈಜೀರಿಯಾಕ್ಕೆ ಯಾಕಮ್ಮ ಕಾಣಿಕೆ?" ಅವರಿಗೂ ನನ್ನ ಥ್ಯಾಂಕ್ಸ್. ಸುಮ್ನೆ ಹೇಳುತ್ತಿಲ್ಲ. ಆ ಪ್ರಶ್ನೆ ಬಾರದಿದ್ದರೆ ನಾವು ನೈಜೀರಿಯಾದ ಬಗ್ಗೆ ಓದುತ್ತಲೇ ಇರಲಿಲ್ಲ. ಬಂದ ಹಾಳೆಗಳನ್ನು ಓದಿ, ಹಾಡಿ ಮನೆಗೆ ಹೋಗುತ್ತಿದ್ದೆವು.

ಓದಿದಾಗ ತಿಳಿದದ್ದು ಇದು. ನೈಜೀರಿಯಾದ ಈಶಾನ್ಯ ಭಾಗದಲ್ಲಿ ಗಾರ್ಕಿಡಾ ಎಂಬ ಊರಿದೆ. 1923ರ ಮಾರ್ಚ್ 17ರಂದು ಅಲ್ಲಿನ ಒಂದು ಹುಣಸೆ ಮರದ ಕೆಳಗೆ ನಡೆದ ಆರಾಧನೆಯಿಂದ ಒಂದು ಸಭೆ ಹುಟ್ಟಿತು. ಈಗ ಅದಕ್ಕೆ ಇವೈಎನ್ ಎಂದು ಹೆಸರು, ಅಂದರೆ ನೈಜೀರಿಯಾದ ಸಹೋದರರ ಸಭೆ. ಯಾವ ಕಾರಣಕ್ಕೂ ಆಯುಧ ಹಿಡಿಯಬಾರದು ಎಂಬುದು ಅವರ ನಂಬಿಕೆ. ಹಾಗೆ ನಂಬಿದವರ ಮೇಲೆಯೇ ಬೊಕೊ ಹರಾಮ್ ಎಂಬ ಉಗ್ರರ ಗುಂಪು ಬಂದು ಬಿತ್ತು. 2014ರ ಏಪ್ರಿಲ್‌ನಲ್ಲಿ ಚಿಬೊಕ್ ಶಾಲೆಯಿಂದ 276 ಹುಡುಗಿಯರನ್ನು ಎತ್ತಿಕೊಂಡು ಹೋದ ಸುದ್ದಿ ನಿಮಗೆ ನೆನಪಿರಬಹುದು. ಅವರಲ್ಲಿ ಹೆಚ್ಚಿನವರು ಈ ಸಭೆಯ ಮನೆಗಳ ಮಕ್ಕಳು. ಕೆಲವರು ಇನ್ನೂ ಮನೆಗೆ ಬಂದಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ವಾರ್ಹಿಯಲ್ಲಿದ್ದ ಸಭೆಯ ಮುಖ್ಯ ಕಚೇರಿಯೂ ಉಗ್ರರ ಕೈಗೆ ಹೋಯಿತು. ಇಷ್ಟಾದರೂ ಮುಬಿ ಊರಿನಲ್ಲಿ ಈ ಸಭೆಯವರು ಮುಸ್ಲಿಂ ನೆರೆಯವರ ಜೊತೆ ಕೂತು ಶಾಂತಿ ಗುಂಪು ನಡೆಸುತ್ತಿದ್ದಾರೆ. ನನ್ನ ಮಗಳನ್ನು ಎತ್ತಿಕೊಂಡು ಹೋಗಿದ್ದರೆ ನನ್ನಿಂದ ಅದು ಆಗುತ್ತಿರಲಿಲ್ಲ ಎಂದು ಕೂಟದಲ್ಲಿ ಒಬ್ಬರು ಹೇಳಿದರು. ನಮ್ಮಲ್ಲಿ ಯಾರೂ ಅದಕ್ಕೆ ಎದುರು ಹೇಳಲಿಲ್ಲ.

ಈ ಸಭೆಯ ಜೊತೆ ವರ್ಷಗಳಿಂದ ಕೆಲಸ ಮಾಡುತ್ತಾ ಬಂದಿರುವುದು ಯಾರು ಗೊತ್ತಾ? ಸ್ವಿಟ್ಜರ್ಲೆಂಡಿನಿಂದ ಬಂದ ನಮ್ಮ ಬಾಸೆಲ್ ಮಿಶನ್! 2001ರಿಂದ ಅದರ ಕೆಲಸ ಮಿಶನ್ 21 ಎಂಬ ಹೆಸರಿನಲ್ಲಿ ನಡೆಯುತ್ತಿದೆ. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಕಟ್ಟಿದವರೇ ಅವರು. ಆ ಹಣ ಎಲ್ಲಿಂದ ಬಂತು ಎಂದು ನಾವು ಯಾವತ್ತೂ ಕೇಳಿದವರಲ್ಲ. ದೊಡ್ಡವರು ಕೊಟ್ಟದ್ದಿತ್ತು, ಸರಿ. ಆದರೆ 1855ರಿಂದ ಅವರ ಊರಿನಲ್ಲಿ ಅರ್ಧ ಬಾಟ್ಸನ್ ಕಾಣಿಕೆ ಎಂಬುದೊಂದು ಶುರುವಾಯಿತು. ಬಾಟ್ಸನ್ ಅಂದರೆ ಅಲ್ಲಿನ ಹಳೆಯ ಸಣ್ಣ ನಾಣ್ಯ. ಸಾಮಾನ್ಯ ಜನ ವಾರಕ್ಕೊಂದು ಚಿಲ್ಲರೆ ನಾಣ್ಯ ಹಾಕುತ್ತಿದ್ದರು. ಅವರ ಮನೆಯ ಮಾಡು ಸೋರುತ್ತಿರಲಿಲ್ಲವೇ? ಇದನ್ನು ಹೇಳಿದ ಮೇಲೆ ಆ ಹಿರಿಯರೇ ಮೊದಲ ಲಕೋಟೆ ತಂದುಕೊಟ್ಟರು. ಮಾಡಿನ ರಿಪೇರಿ ಮಳೆಗಾಲಕ್ಕೆ ಮುಂಚೆ ಆಗಲೇಬೇಕು ಎಂದೂ ಸೇರಿಸಿದರು. ಅದೂ ನ್ಯಾಯವೇ.

ಆರಾಧನೆಯ ಹಾಳೆಗಳನ್ನು ರಾತ್ರಿ ಕೂತು ಕನ್ನಡಕ್ಕೆ ತಂದ ನಮ್ಮ ನಿವೃತ್ತ ಟೀಚರಿಗೆ ದೊಡ್ಡ ವಂದನೆ. ನೈಜೀರಿಯಾದ ಹೆಂಗಸರ ಸಾಕ್ಷಿಗಳನ್ನು ಓದಿದ ಮೂವರು ಹುಡುಗಿಯರು ಎಲ್ಲೂ ನಾಟಕ ಮಾಡಲಿಲ್ಲ, ತಮ್ಮ ಮನೆಯ ವಿಷಯ ಹೇಳುವ ದನಿಯಲ್ಲಿ ಓದಿದರು. ಹಿಂದಿನ ಸಾಲಿನವರೂ ಮೊಬೈಲ್ ಕೆಳಗಿಟ್ಟಿದ್ದನ್ನು ನಾನು ಕಣ್ಣಾರೆ ನೋಡಿದೆ. ಇಗರ್ಜಿಯ ಸಿಸ್ಟರ್‌ಗಳು, ಸಿರಿಯನ್ ಸಭೆಯ ಅಮ್ಮಂದಿರು ಬಂದು ಗಾಯಕ ವೃಂದಕ್ಕೆ ಬಲ ಕೊಟ್ಟರು. ಅವರಿಲ್ಲದಿದ್ದರೆ ನಮ್ಮ ಆಲ್ಟೊ ಸಾಲಿನ ಕಥೆ ಕಷ್ಟವಿತ್ತು. ನಮ್ಮ ಸಭಾಪಾಲಕರು ಆ ಸಂಜೆ ಪ್ರಸಂಗ ಮಾಡದೆ ನಮಗೇ ಬಿಟ್ಟುಕೊಟ್ಟು ಕೊನೆಯ ಬೆಂಚಿನಲ್ಲಿ ಕೂತರು. ಅದು ಸಣ್ಣ ಮಾತಲ್ಲ.

ಯೌವನಸ್ಥರ ಕೂಟದ ಹುಡುಗರು ನೈಜೀರಿಯಾದವರು ಮಾಡುವ ಜೊಲೊಫ್ ಅನ್ನ ಮಾಡಿದರು. ಇದು ನಮ್ಮ ಟೊಮೆಟೊ ಬಾತ್ ಅಲ್ವಾ ಎಂದು ಎಲ್ಲರೂ ಕೇಳಿದರು. ಖಾರ ಸ್ವಲ್ಪ ಜಾಸ್ತಿಯಾಗಿತ್ತು. ಆದರೂ ಪಾತ್ರೆ ಖಾಲಿ.

ಇನ್ನು ಪಕ್ಕದ ಕಂಪೌಂಡಿನ ಬ್ಯಾರಿ ಮನೆಯವರು. ಈ ವರ್ಷ ನಮ್ಮ ಲೆಂಟ್ (ಈಸ್ಟರಿಗೆ ಮುಂಚಿನ ಉಪವಾಸದ ಕಾಲ), ಅವರ ರಂಜಾನ್ ಎರಡೂ ಒಟ್ಟಿಗೇ ಬಂದವು. ಅಂದು ಶುಕ್ರವಾರ ಬೇರೆ. ನಮ್ಮಲ್ಲಿ ಕುರ್ಚಿ ಸಾಲದು ಎಂದು ಗೊತ್ತಾದ ಕೂಡಲೇ ಆ ಮನೆಯ ಗಂಡು ಮಕ್ಕಳು ಉಪವಾಸದಲ್ಲೇ ಕುರ್ಚಿ ಹೊತ್ತು ತಂದರು. ಗಾಡಿ ನಿಲ್ಲಿಸಲು ಅಂಗಳ ಬಿಟ್ಟುಕೊಟ್ಟರು. ಇಫ್ತಾರ್ ಹೊತ್ತಿಗೆ ನಾವು ಕಳಿಸಿದ ಖರ್ಜೂರ, ಹಣ್ಣಿಗೆ ಬದಲಾಗಿ ಅವರು ಕಳಿಸಿದ ಸಮೋಸಾ ನಮ್ಮಲ್ಲಿ ಅರ್ಧ ಜನಕ್ಕೆ ಸಿಗಲೇ ಇಲ್ಲ, ಅಡುಗೆ ಕೋಣೆಯಲ್ಲೇ ಮುಗಿದಿತ್ತು. ಮುಬಿಯ ಬಗ್ಗೆ ಆ ಮನೆಯ ಅಜ್ಜಿಗೆ ಹೇಳಿದೆ. "ಊರಲ್ಲಿ ಹೀಗೇ ಅಲ್ವಾ ಇರಬೇಕಾದದ್ದು" ಎಂದು ಹೇಳಿ ಅವರು ಕುರ್ಚಿ ಎಣಿಸಲು ಹೋದರು. ಇತ್ತೀಚೆಗೆ ನಮ್ಮ ಕರಾವಳಿಯಲ್ಲಿ ಆಡುವ ಮಾತುಗಳನ್ನು ಕೇಳಿದವರಿಗೆ ಆ ಅಜ್ಜಿಯ ಮಾತಿನ ಬೆಲೆ ಗೊತ್ತಾಗುತ್ತದೆ.

ಕಾಣಿಕೆಯನ್ನು ಎಣಿಸಿ ವಿಶ್ವ ಪ್ರಾರ್ಥನಾ ದಿನದ ಸಮಿತಿಗೆ ಕಳಿಸಿದ್ದೇವೆ. ಲೆಕ್ಕದ ಹಾಳೆಯನ್ನು ಹಾಲ್‌ನ ಬೋರ್ಡಿಗೆ ಅಂಟಿಸಿದೆ, ಯಾರು ಬೇಕಾದರೂ ನೋಡಬಹುದು. ನೈಜೀರಿಯಾದ ಹುಡುಗಿಯರ ಬಗ್ಗೆ ಇನ್ನೂ ತಿಳಿಯಬೇಕು ಎಂದು ಸಂಡೇ ಸ್ಕೂಲ್ ಮಕ್ಕಳು ಕೇಳಿದ್ದಾರೆ. ಈಸ್ಟರ್ ಆದ ಮೇಲೆ ಒಂದು ದಿನ ಅದಕ್ಕೆ ಇಡೋಣ.

ಹೆಸರು ಬಿಟ್ಟು ಹೋದವರು ಮುನಿಸಿಕೊಳ್ಳಬೇಡಿ, ಸಿಕ್ಕಾಗ ಬೈದುಬಿಡಿ. ಮತ್ತೆ, ಒಂದು ದೊಡ್ಡ ಸ್ಟೀಲ್ ಪಾತ್ರೆ, ಎರಡು ಸೌಟು ನಮ್ಮ ಅಡುಗೆ ಕೋಣೆಯಲ್ಲೇ ಉಳಿದಿವೆ. ಯಾರದ್ದೋ ಅವರು ಭಾನುವಾರ ಆರಾಧನೆ ಮುಗಿದ ಮೇಲೆ ಬಂದು ತೆಗೆದುಕೊಂಡು ಹೋಗಿ.