ಚುಕ್ಕಾಣಿ ಹಿಡಿದವನ ಹತ್ತಿರವೇ ತನಿಖೆ ನಿಲ್ಲಬಾರದು

ಸಂಪಾದಕರಿಗೆ ನಮಸ್ಕಾರ.

ದೋಣಿ ಮುಳುಗಿದ ಮರುದಿನ ಪತ್ರಿಕೆಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಚಾಲಕನ ನಿರ್ಲಕ್ಷ್ಯವೇ ಕಾರಣ’. ನಿಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ. ಹೆಣಗಳೇ ಇನ್ನೂ ಪೂರ್ತಿ ಸಿಕ್ಕಿರುವುದಿಲ್ಲ, ಕಾರಣ ಮಾತ್ರ ಸಿಕ್ಕಿಬಿಟ್ಟಿರುತ್ತದೆ. ಹಡಗುಗಳ ಎಂಜಿನ್ ರೂಮಿನಲ್ಲಿ ನೌಕರಿ ಮುಗಿಸಿ ಊರಿಗೆ ಬಂದು ಕೂತವನು ನಾನು. ಆ ಸಾಲು ಓದಿದಾಗಲೆಲ್ಲ 1987ರ ಒಂದು ತನಿಖೆ ನೆನಪಾಗುತ್ತದೆ.

ಆ ವರ್ಷ ಮಾರ್ಚ್ 6ರ ಸಂಜೆ ಬೆಲ್ಜಿಯಂನ ಝೀಬ್ರುಗ್ ಬಂದರಿನಿಂದ ಇಂಗ್ಲೆಂಡಿನ ಡೋವರ್‌ಗೆ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಫೆರಿ, ಬಂದರು ದಾಟಿದ ಕೆಲವೇ ನಿಮಿಷಗಳಲ್ಲಿ ಮಗುಚಿತು. 193 ಜನ ಸತ್ತರು. ಕಾರು, ಲಾರಿ ಒಳಗೆ ಬರುವ ಮುಂದಿನ ಬಾಗಿಲು ಮುಚ್ಚದೆಯೇ ಹಡಗು ಹೊರಟಿತ್ತು. ಅದನ್ನು ಮುಚ್ಚಬೇಕಾದವನು ಕ್ಯಾಬಿನ್‌ನಲ್ಲಿ ನಿದ್ದೆ ಹೋಗಿದ್ದ.

ನಮ್ಮಲ್ಲಾಗಿದ್ದರೆ ಫೈಲು ಅಲ್ಲಿಗೇ ಮುಚ್ಚುತ್ತಿತ್ತು, ಅಲ್ವಾ?

ತನಿಖೆ ನಡೆಸಿದ ನ್ಯಾಯಮೂರ್ತಿ ಶೀನ್ ಅಷ್ಟಕ್ಕೇ ಬಿಡಲಿಲ್ಲ. ಅವನು ಮಲಗಿದ್ದು ಸರಿ, ಬೇರೆಯವರು ಯಾಕೆ ನೋಡಲಿಲ್ಲ ಎಂದು ಕೇಳಿದರು. ಬಾಗಿಲು ಮುಚ್ಚಿದ್ದನ್ನು ಖಾತ್ರಿ ಮಾಡಿಕೊಳ್ಳಬೇಕಾದ ಅಧಿಕಾರಿಯೇ ಹೊರಡುವ ಹೊತ್ತಿಗೆ ಮೇಲೆ, ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲೂ ಇರಬೇಕಿತ್ತು. ಒಬ್ಬನೇ ಮನುಷ್ಯ ಎರಡು ಕಡೆ ಹೇಗಿರುತ್ತಾನೆ? ಝೀಬ್ರುಗ್‌ನಿಂದ ತಡವಾಗಿ ಹೊರಡುವುದು ನಡೆಯುವುದಿಲ್ಲ, ಹದಿನೈದು ನಿಮಿಷ ಮೊದಲೇ ಬಿಡಿ ಎಂದು ಕಂಪನಿಯ ಮ್ಯಾನೇಜರ್ ಮೊದಲೇ ಪತ್ರ ಬರೆದಿದ್ದ. ಆ ಬಂದರಿನಲ್ಲಿ ವಾಹನ ಹತ್ತಿಸುವ ರ‍್ಯಾಂಪ್‌ಗೆ ಹೊಂದಿಸಲು ಮುಂದಿನ ಟ್ಯಾಂಕಿಗೆ ನೀರು ತುಂಬಿ ಮೂತಿ ತಗ್ಗಿಸಿದ್ದರು. ಹಾಗೆಯೇ ವೇಗ ಏರಿಸಿದಾಗ ಮುಂದಿನ ಅಲೆ ಉಬ್ಬಿ ಸೀದಾ ಬಾಗಿಲೊಳಗೆ ನುಗ್ಗಿತು. ಅಡ್ಡಗೋಡೆಯೇ ಇಲ್ಲದ ಕಾರ್ ಡೆಕ್ಕಿನಲ್ಲಿ ನೀರು ಒಂದು ಕಡೆಗೆ ಓಡಿದರೆ ಮುಗಿಯಿತು, ಹಡಗು ಮೇಲೇಳುವುದಿಲ್ಲ. ಇದನ್ನು ಅದೇ ವಿನ್ಯಾಸದ ಇನ್ನೊಂದು ಹಡಗನ್ನೇ ಓಡಿಸಿ, ಪುಟ್ಟ ಮಾದರಿ ಹಡಗನ್ನೂ ತೇಲಿಸಿ ನೋಡಿದರು.

ನನಗೆ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಬ್ರಿಡ್ಜ್‌ನಿಂದ ಆ ಬಾಗಿಲು ಕಾಣುತ್ತಿರಲಿಲ್ಲ. ಮುಚ್ಚಿದೆಯೋ ಇಲ್ಲವೋ ತಿಳಿಸುವ ಒಂದು ದೀಪ ಹಾಕಿಸಿಕೊಡಿ ಎಂದು ಕ್ಯಾಪ್ಟನ್‌ಗಳು ಮುಂಚೆಯೇ ಕೇಳಿದ್ದರು. ಆಫೀಸಿನವರು ಗೇಲಿ ಮಾಡಿದ್ದರು. ಅದೇ ಕಂಪನಿಯ ಇನ್ನೊಂದು ಹಡಗು 1983ರಲ್ಲೇ ಹೀಗೆ ಬಾಗಿಲು ತೆರೆದುಕೊಂಡೇ ಹೋಗಿತ್ತು, ಅವತ್ತೂ ನಿದ್ದೆಯೇ ಕಾರಣ. ದುರಂತವಾದ ಕೆಲವೇ ದಿನಗಳಲ್ಲಿ ಉಳಿದ ಹಡಗುಗಳಿಗೆ ದೀಪ ಬಂತು! ಮೇಲಿಂದ ಕೆಳಗಿನವರೆಗೆ ಇಡೀ ಕಂಪನಿಗೇ ಬೇಜವಾಬ್ದಾರಿಯ ರೋಗ ಹಿಡಿದಿದೆ ಎಂಬ ಅರ್ಥದ ಮಾತನ್ನು ಶೀನ್ ವರದಿಯಲ್ಲೇ ಬರೆದರು. ಹಾಗಂತ ಮಲಗಿದವನನ್ನಾಗಲಿ ಕ್ಯಾಪ್ಟನ್‌ನನ್ನಾಗಲಿ ಬಿಟ್ಟುಬಿಡಲಿಲ್ಲ, ಅವರ ತಪ್ಪನ್ನೂ ಹೇಳಿದರು.

ಆ ವರದಿಯ ಫಲ ನಮ್ಮ ತನಕವೂ ಬಂತು. ಹಡಗಿನ ಸುರಕ್ಷತೆಗೆ ದಡದಲ್ಲಿ ಕೂತ ಕಂಪನಿಯೂ ಹೊಣೆ ಎನ್ನುವ ಐಎಸ್ಎಂ ಎಂಬ ಅಂತರರಾಷ್ಟ್ರೀಯ ನಿಯಮಗಳು 1998ರಿಂದ ಜಾರಿಯಾದವು. (ತಪಾಸಣೆ ಪಟ್ಟಿಗೆ ನೋಡದೆಯೇ ಟಿಕ್ ಹಾಕುವವರು ನಮ್ಮಲ್ಲೂ ಇದ್ದರು, ಅದು ಬೇರೆ ಮಾತು.) ಆದರೆ ಕಂಪನಿಯ ಮೇಲೆ ಹಾಕಿದ ನರಹತ್ಯೆ ಕೇಸು ಮಾತ್ರ 1990ರಲ್ಲಿ ಲಂಡನ್ ಕೋರ್ಟಿನಲ್ಲಿ ಬಿದ್ದುಹೋಯಿತು.

ಈಗ ನಮ್ಮ ಕಡೆ ಬನ್ನಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಅಲ್ಲಿ ಮೀನುಗಾರಿಕೆ ದೋಣಿಯನ್ನೇ ಪ್ರವಾಸಿ ದೋಣಿ ಮಾಡಿದ್ದರು. ಎರಡೂ ಕಡೆ ಜನ ಜಾಸ್ತಿ ಹತ್ತಿದ್ದರು ಎಂದು ಎಲ್ಲರೂ ಬರೆದರು. ಸರಿ, ಹತ್ತಿಸಿದ್ದು ಯಾರು? ದ್ವೀಪದಿಂದ ವಾಪಸ್ ಬರುವಾಗ ತಲೆ ಎಣಿಸಬೇಕಾದವರು ಯಾರು? ದೋಣಿಗೆ ಸರ್ಟಿಫಿಕೇಟ್ ಕೊಟ್ಟವರು ನೀರಿನಲ್ಲಿ ಅದಕ್ಕೆ ಭಾರ ಹೊರಿಸಿ ಎಷ್ಟು ವಾಲುತ್ತದೆ ಎಂದು ನೋಡಿದ್ದರಾ, ಸುಮ್ನೆ ಸಹಿ ಹಾಕಿದ್ದರಾ? ಒಂದು ಟ್ರಿಪ್ ಜಾಸ್ತಿ ಹೊಡೆದರೆ ಲಾಭ ಯಾರ ಜೇಬಿಗೆ?

ದಯವಿಟ್ಟು ಮುಂದೆ ಇಂಥ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು ಈ ಪ್ರಶ್ನೆಗಳನ್ನು ಜಿಲ್ಲಾಧಿಕಾರಿಗೂ ಬಂದರು ಇಲಾಖೆಗೂ ಕೇಳಲಿ. ಉತ್ತರ ಕೊಡದಿದ್ದರೆ ಅದನ್ನೇ ಅಚ್ಚು ಹಾಕಿ. ಸರ್ಕಾರ ತನಿಖಾ ವರದಿಗಳನ್ನು ಕನ್ನಡದಲ್ಲೇ, ಪೂರ್ತಿಯಾಗಿ, ಯಾರು ಬೇಕಾದರೂ ಓದುವಂತೆ ಹೊರಗೆ ತರಲಿ. ಮುಂದಿನ ಜಾತ್ರೆಗೆ ದೋಣಿ ಬಿಡುವ ಮುಂಚೆಯೇ ತಂದರೆ ಒಳ್ಳೆಯದು.

– ನಿವೃತ್ತ ಮರೀನ್ ಎಂಜಿನಿಯರ್, ಕುಂದಾಪುರ